ಪದವಿ ತರಗತಿಗೆ ಕನ್ನಡ ವಿಕಿಪೀಡಿಯ: 2020ರಿಂದ ಬಳಸಿದ ಅನುಭವ

ಗುಂಪಿಗೆ ಅಸೈನ್‌ಮೆಂಟ್ ಕೊಟ್ಟರೆ ಒಬ್ಬರು ಬರೆಯುತ್ತಾರೆ, ಉಳಿದ ನಾಲ್ವರು ಹೆಸರು ಸೇರಿಸುತ್ತಾರೆ. ಬಿ.ಎಸ್ಸಿ. ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವ ನನಗೆ ಇದು ಹಳೆಯ ಸಂಕಟ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಊರು ಸೇರಿದಾಗ ಅಸೈನ್‌ಮೆಂಟನ್ನು ವಿಕಿಪೀಡಿಯದ ಪ್ರಯೋಗಪುಟಕ್ಕೆ, ಅಂದರೆ ಲೇಖನವಾಗುವ ಮೊದಲು ಬರೆದು ತಿದ್ದಿ ನೋಡುವ ಪುಟಕ್ಕೆ, ತಂದೆ. ವಿಡಿಯೋ ಪಾಠಕ್ಕೆ ಸಿಗ್ನಲ್ ಸಾಲದ ಕಡೆಯೂ ಬರೀ ಅಕ್ಷರಗಳ ಆ ಪುಟ ತೆರೆದುಕೊಳ್ಳುತ್ತಿತ್ತು. ಕಾಲೇಜು ತೆರೆದ ಮೇಲೂ ಬಿಟ್ಟಿಲ್ಲ.

ಬಿಡದಿರುವುದಕ್ಕೆ ಕಾರಣ ಅಲ್ಲಿರುವ 'ಇತಿಹಾಸ'. ಯಾರು, ಎಷ್ಟು ಹೊತ್ತಿಗೆ, ಯಾವ ಸಾಲು ಸೇರಿಸಿದರು, ಯಾವುದನ್ನು ತೆಗೆದರು, ಎಲ್ಲವೂ ಅಲ್ಲಿ ಉಳಿಯುತ್ತದೆ. ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ರಾತ್ರಿ ಹನ್ನೊಂದರ ಮೇಲೆ ಹೊಂಗೆ ಮರದ ಪುಟವನ್ನು ತಿದ್ದುತ್ತಿದ್ದಳೆಂದು ನನಗೆ ತಿಳಿದದ್ದು ಹೀಗೆ. ಹೊಂಗೆ ಹಿಂಡಿಯ ಗೊಬ್ಬರದ ಬಗ್ಗೆ ಅವಳ ಅಜ್ಜ ಹೇಳಿದ್ದನ್ನೇ ಬರೆದಿದ್ದಳು. ಪ್ರಕಟಿತ ಆಧಾರವಿಲ್ಲದೆ ಅದು ಲೇಖನದಲ್ಲಿ ನಿಲ್ಲುವುದಿಲ್ಲ ಎಂದಾಗ ಮುಖ ಸಣ್ಣದಾಯಿತು. ವಾರ ಬಿಟ್ಟು ಕೃಷಿ ಪುಸ್ತಕವೊಂದರ ಪುಟಸಂಖ್ಯೆ ಸಮೇತ ಬಂದಳು. ಸೆಮಿಸ್ಟರ್ ಪೂರ್ತಿ ಹೇಳಿದ್ದರೂ ಉಲ್ಲೇಖದ ಬೆಲೆಯನ್ನು ನಾನು ಅಷ್ಟು ಚೆನ್ನಾಗಿ ಕಲಿಸಲಾರೆ.

ಆದರೆ ಇತಿಹಾಸದಲ್ಲಿ ಪ್ರತಿ ತಿದ್ದುಪಡಿಯ ಪಕ್ಕ ಕಾಣುವ ಸಂಖ್ಯೆ ನೋಡಿ ಅಂಕ ಹಾಕಬೇಡಿ. ಅದು ಅಕ್ಷರಗಳ ಲೆಕ್ಕವಲ್ಲ, ಕಂಪ್ಯೂಟರಿನಲ್ಲಿ ಅವು ಹಿಡಿಯುವ ಜಾಗದ, ಅಂದರೆ ಬೈಟ್‌ಗಳ ಲೆಕ್ಕ. ಕನ್ನಡದ ಪ್ರತಿ ವರ್ಣಸಂಕೇತಕ್ಕೆ 3 ಬೈಟ್ ಬೇಕು. ಮೂರು ವ್ಯಂಜನ, ಎರಡು ವಿರಾಮ ಚಿಹ್ನೆ (್), ಒಂದು ಸ್ವರಚಿಹ್ನೆ ಎಂದು ಆರು ಸಂಕೇತ ಸೇರಿ ಆಗುವ 'ಸ್ತ್ರೀ' ಎಂಬ ಒಂದಕ್ಷರವೇ 18 ಬೈಟ್. +900 ಎಂದು ಕಂಡರೆ ಬರೆದದ್ದು ಮೂರ್ನಾಲ್ಕು ಸಾಲು ಅಷ್ಟೆ. ಅದೇ ಅನಗತ್ಯ ಮಾತು ಕತ್ತರಿಸಿ ಪುಟವನ್ನು ಚೊಕ್ಕ ಮಾಡಿದವರ ಸಾಲಿನಲ್ಲಿ ಕೆಂಪಕ್ಷರದ ಋಣ ಸಂಖ್ಯೆ ಬರುತ್ತದೆ. ಮೊದಲ ವರ್ಷ ಅಂಥ ಹುಡುಗನೊಬ್ಬನಿಗೆ ಕಡಿಮೆ ಅಂಕ ಕೊಟ್ಟಿದ್ದೆ. ಅವನು ಬಂದು ಕೇಳಿದ ಮೇಲೆ ಒಂದೊಂದೇ ತಿದ್ದುಪಡಿ ತೆರೆದು ಓದಿದೆ, ಅಂಕ ತಿದ್ದಿದೆ. ಈಗ ಎಲ್ಲರದನ್ನೂ ಹಾಗೆಯೇ ಓದುತ್ತೇನೆ. ಸಮಯ ಹಿಡಿಯುತ್ತದೆ, ಬೇರೆ ದಾರಿಯಿಲ್ಲ.

ಇಬ್ಬರು ಒಂದೇ ಹೊತ್ತಿಗೆ ಒಂದೇ ಭಾಗ ತಿದ್ದಿದರೆ ಉಳಿಸುವಾಗ ತೊಡಕಾಗುತ್ತದೆ. ಭಾಗಗಳನ್ನು ಮೊದಲೇ ಹಂಚಿಕೊಳ್ಳಲಿ. ಪ್ರಯೋಗಪುಟವನ್ನೂ ಯಾರು ಬೇಕಾದರೂ ನೋಡಬಹುದು, ಆದ್ದರಿಂದ ಬಳಕೆದಾರ ಹೆಸರಾಗಿ ಸ್ವಂತ ಹೆಸರು, ರಿಜಿಸ್ಟರ್ ನಂಬರ್ ಬೇಡ. ಇನ್ನೊಂದು, ಒಂದೇ ಐಪಿ ವಿಳಾಸದಿಂದ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ; ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಸಾಮಾನ್ಯವಾಗಿ ಒಂದೇ) ದಿನಕ್ಕೆ 6 ಖಾತೆಗಳನ್ನಷ್ಟೇ ತೆರೆಯಲು ವಿಕಿಪೀಡಿಯ ಬಿಡುತ್ತದೆ. ಲ್ಯಾಬಿನಲ್ಲಿ ಕೂರಿಸುವ ಹಿಂದಿನ ದಿನವೇ ಮಕ್ಕಳು ಅವರವರ ಮೊಬೈಲ್ ಡೇಟಾದಲ್ಲಿ ಖಾತೆ ಮಾಡಿಕೊಂಡು ಬರಲಿ.