4–7, 7–10, 6.86–9.18: ಹವಳದ ಟ್ಯಾಂಕಿನ ಪಿಎಚ್ ಪ್ರೋಬಿಗೆ ಯಾವ ಜೋಡಿ?

ಬೆಳಗಿನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಬರೀ 7.95 ಕಾಣಿಸುತ್ತಿದೆಯಲ್ಲ, ಏರಿಸೋಣ ಎಂದು ಎರಡು ತಿಂಗಳು ರಾತ್ರಿಯಿಡೀ ಟ್ಯಾಂಕಿಗೆ ತಿಳಿಸುಣ್ಣದ ನೀರು ಹನಿಸಿದೆ. ಅಷ್ಟು ಬೇಕಿರಲಿಲ್ಲ. ಪಿಎಚ್ ಅಳೆಯುವ ಪ್ರೋಬ್ ಸುಳ್ಳು ಹೇಳುತ್ತಿತ್ತು, ಹೇಳಿಸುತ್ತಿದ್ದವನು ನಾನೇ: ಡಬ್ಬಿಯ ಜೊತೆ ಬಂದದ್ದು 4 ಮತ್ತು 7ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಎಂದು ಅದರಲ್ಲೇ ಕ್ಯಾಲಿಬ್ರೇಟ್ ಮಾಡುತ್ತಿದ್ದೆ, ಅಂದರೆ ಪ್ರೋಬಿನ ಅಂಕಿಯನ್ನು ಅದಕ್ಕೆ ಹೊಂದಿಸುತ್ತಿದ್ದೆ.

ಒಂದು ಭಾನುವಾರ ಕೂತು ಮೂರು ಜೋಡಿಯನ್ನೂ ಹೋಲಿಸಿದೆ. ಅದೇ ಎರಡು ವರ್ಷ ಹಳೆಯ ಪ್ರೋಬ್, ಅದೇ ಟ್ಯಾಂಕಿನ ನೀರು, ಎಲ್ಲವೂ 25 ಡಿಗ್ರಿಯಲ್ಲಿ. ಮೊದಲು ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ ಗಾಜಿನ ಮೇಲಿನ ಸುಣ್ಣದ ಪೊರೆ ತೆಗೆದೆ.

4–7 ಜೋಡಿಯಲ್ಲಿ ಟ್ಯಾಂಕ್ 8.14 ತೋರಿಸಿತು, ಹೊಸದಾಗಿ ತೆರೆದ 7–10ರಲ್ಲಿ 8.22. ಮಿಲಿವೋಲ್ಟ್ ನೋಡಿದಾಗ ಕಾರಣ ಸಿಕ್ಕಿತು. ಸರಿಯಾದ ಪ್ರೋಬ್ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್ ಕೊಡಬೇಕು, ಇದೇ ಅದರ ಇಳಿಜಾರು. ನನ್ನದು ಆಮ್ಲದ ಕಡೆ 57 ಕೊಡುತ್ತಿತ್ತು, ಕ್ಷಾರದ ಕಡೆ ಬರೀ 53. ಮುದಿಯಾದ ಪ್ರೋಬ್ ಎರಡೂ ಕಡೆ ಒಂದೇ ಸಮ ಕುಗ್ಗುವುದಿಲ್ಲ. 8.2ರ ನೀರನ್ನು ಅಳೆಯಲು 4ರ ಕಡೆಯ ಇಳಿಜಾರು ಸಾಕ್ಷಿ ಹೇಳಿದರೆ ಹೀಗೇ ಆಗುವುದು. ಹೊಸ ಪ್ರೋಬ್‌ನಲ್ಲಿ ಇದೇ ಆಟ ಆಡಿದಾಗ ವ್ಯತ್ಯಾಸ 0.02 ದಾಟಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗಾದರೆ 7–10 ಗೆದ್ದಿತೇ? ಬಾಟಲಿ ಹೊಸದಿದ್ದರೆ ಮಾತ್ರ. 10ರ ಬಫರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಬೀರುವಿನಲ್ಲಿದ್ದ ಆರು ತಿಂಗಳ ಹಳೆಯ ಬಾಟಲಿಯಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ಟ್ಯಾಂಕ್ 8.31! ಆ ಬಾಟಲಿ 9.8ಕ್ಕೆ ಜಾರಿತ್ತು. ಬಳಸಿದ ಬಫರನ್ನು ಮತ್ತೆ ಬಾಟಲಿಗೆ ಸುರಿಯುವ ನಮ್ಮ ಜಿಪುಣತನ ಇಲ್ಲಿ ನಡೆಯದು.

ಅಗ್ಗದ ಪೆನ್ ಮೀಟರ್ ಜೊತೆ ಬರುವ 6.86–9.18 ಪುಡಿ ಪೊಟ್ಟಣಗಳನ್ನು ನಾನು ಮೂಸಿಯೂ ನೋಡಿರಲಿಲ್ಲ. ಆರ್‌ಓ ನೀರಿನಲ್ಲಿ ಕದಡಿ ಅಳೆದರೆ 8.21. 8.2 ಈ ಎರಡರ ನಡುವೆಯೇ ಬರುತ್ತದೆ, ಪ್ರತಿಸಲವೂ ತಾಜಾ. ಈಗ ನನ್ನ ಆಯ್ಕೆ ಇದೇ. 9.18ರ ಪುಡಿ ಬೇರೇನಲ್ಲ, ಅಕ್ಕಸಾಲಿಗರ ಬಿಳಿಗಾರ: ಲೀಟರಿಗೆ 3.8 ಗ್ರಾಂ. ಅಂಗಡಿಯ ಬಿಳಿಗಾರದ ಶುದ್ಧತೆ ನಂಬಲಾಗದು, ಅದರಿಂದ ಕ್ಯಾಲಿಬ್ರೇಟ್ ಬೇಡ. ಕ್ಯಾಲಿಬ್ರೇಟ್ ಆದ ಪ್ರೋಬ್ ನೆಟ್ಟಗಿದೆಯೇ ಎಂದು ನಡುನಡುವೆ ನೋಡಲು ಸಾಕು.

ಯಾವ ಬಫರೂ ಸರಿಪಡಿಸದ ಕಾಯಿಲೆ ಇನ್ನೊಂದಿತ್ತು. ಅಲೆ ಎಬ್ಬಿಸುವ ಪಂಪ್ ಚಾಲೂ ಆದರೆ ಅಂಕಿ 0.3 ನೆಗೆಯುತ್ತಿತ್ತು. ಲೋಟದಲ್ಲಿ ಟ್ಯಾಂಕಿನ ನೀರು ಎತ್ತಿ ಹೊರಗಿಟ್ಟು ಅಳೆದೆ, ಕಲ್ಲಿನಂತೆ ನಿಂತಿತು. ತಪ್ಪು ಪ್ರೋಬ್‌ನದಲ್ಲ, ನೀರಿಗೆ ಕರೆಂಟು ಸೋರುತ್ತಿತ್ತು. ಪಂಪಿನ ಪ್ಲಗ್ ಕಿತ್ತಿಟ್ಟ ಮೇಲೇ ಟ್ಯಾಂಕಿಗೆ ಕೈ ಹಾಕಿದ್ದು.