ರಾತ್ರಿ ಹನ್ನೊಂದಕ್ಕೆ ಬಿ ನೆಗೆಟಿವ್ ಬೇಕೆಂದರೆ: ರಿಜಿಸ್ಟರ್, ವಾಟ್ಸ್‌ಆ್ಯಪ್, ಶೀಟ್, ಸಾಫ್ಟ್‌ವೇರ್

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಲೆಟರ್‌ಹೆಡ್, ಫ್ಲೆಕ್ಸ್ ಡಿಸೈನ್ ನಮ್ಮ ಕೆಲಸ. ರಸೀದಿ ಪುಸ್ತಕ ಮಾಡಿಸಲು ಬರುವ ಸಂಘ-ಸಂಸ್ಥೆಯವರು ಕುರ್ಚಿ ಎಳೆದುಕೊಂಡು ಕೂತು, "ಅಣ್ಣಾ, ನಮ್ಮದೆಲ್ಲ ಕಂಪ್ಯೂಟರ್‌ಗೆ ಹಾಕ್ಬೇಕಿತ್ತು, ಯಾವ ಆ್ಯಪ್ ಚಲೋ ಐತಿ?" ಅಂತ ಕೇಳುತ್ತಾರೆ. ಮೊದಲೆಲ್ಲ ಬಾಯಿಗೆ ಬಂದ ಹೆಸರು ಹೇಳಿ ಕಳಿಸುತ್ತಿದ್ದೆ. ಆಮೇಲೆ ನಾನೇ ಒಂದು ರಕ್ತದಾನಿಗಳ ಬಳಗಕ್ಕೆ ಸೇರಿ, ಅವರ ಪಟ್ಟಿ ನನ್ನ ತಲೆಗೇ ಬಂದಾಗ ಸಲಹೆ ಕೊಡುವುದು ಎಷ್ಟು ಸಲೀಸು ಅಂತ ಗೊತ್ತಾಯಿತು. ಎರಡು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆವು.

ಪರೀಕ್ಷೆ ಒಂದೇ ಇಟ್ಟುಕೊಂಡಿದ್ದೆವು. ನಮ್ಮೂರಿಗೆ ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದೆಲ್ಲ ರೋಗಿಗಳು ಬರುತ್ತಾರೆ. ರಾತ್ರಿ ಹನ್ನೊಂದಕ್ಕೆ ಹೆರಿಗೆ ಕೇಸೊಂದಕ್ಕೆ ಬಿ ನೆಗೆಟಿವ್ ಬೇಕೆಂದು ಫೋನ್ ಬರುತ್ತದೆ. ಆಗ ಬರೀ ಬಿ ನೆಗೆಟಿವ್ ಇರುವವರ ಹೆಸರು ಸಿಕ್ಕರೆ ಸಾಲದು. ಒಮ್ಮೆ ರಕ್ತ ಕೊಟ್ಟ ಗಂಡಸರು ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸರು 120 ದಿನ. ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಹಾಗಾಗಿ ಈ ಹೊತ್ತಿಗೆ ಕೊಡಬಲ್ಲವರು ಯಾರು, ಊರಲ್ಲಿ ಇದ್ದಾರಾ, ಎಷ್ಟು ಬೇಗ ಫೋನ್ ಎತ್ತುತ್ತಾರೆ ಎಂಬುದೇ ಲೆಕ್ಕ.

ಮೊದಲಿಂದ ಇದ್ದದ್ದು ರಿಜಿಸ್ಟರ್. ಉದ್ದನೆಯ ಬೈಂಡ್ ಪುಸ್ತಕ, ರಕ್ತದ ಗುಂಪಿಗೊಂದು ಭಾಗ, ಅಂಚಿಗೆ ಬಣ್ಣದ ಚೀಟಿ. ಕಾರ್ಯದರ್ಶಿಗಳು ನಿವೃತ್ತ ಮೇಷ್ಟ್ರು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಪುಟ ತೆಗೆದು ಬೆರಳಾಡಿಸುತ್ತಾ, "ಇವನು ಬ್ಯಾಡ, ಮೊನ್ನೆ ಜ್ವರ ಬಂದಿತ್ತು. ಇವನ ಮಗಳ ಮದುವೆ ನಾಳೆ. ಇವನಿಗೆ ಮಾಡು" ಅನ್ನುವರು. ಇಂಥ ಮಾಹಿತಿಗೆ ಇವತ್ತಿನವರೆಗೂ ಯಾವ ಸಾಫ್ಟ್‌ವೇರಿನಲ್ಲೂ ಕಾಲಂ ಕಂಡಿಲ್ಲ. ಆದರೆ "ಕೊನೇ ಸಲ ಕೊಟ್ಟ ದಿನ" ಎಂಬ ಕಾಲಂನಲ್ಲಿ ಒಂದರ ಮೇಲೊಂದು ಐದು ಸಲ ಹೊಡೆದು ಬರೆದು, ಕೊನೆಗೆ ಯಾವುದು ಸರಿಯೋ ಅವರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಮೇಷ್ಟ್ರು ಧರ್ಮಸ್ಥಳಕ್ಕೆ ಹೋದಾಗ ಪುಸ್ತಕ ಬೀರುವಿನಲ್ಲಿ, ಬೀರುವಿನ ಕೀಲಿಕೈ ಅವರ ಜುಬ್ಬದ ಜೇಬಿನಲ್ಲಿ. ಆ ರಾತ್ರಿ ನೆನಪಿಗೆ ಬಂದವರಿಗೆಲ್ಲ ಫೋನ್ ಮಾಡುತ್ತಾ ಕೂತೆವು.

ಹುಡುಗರು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದರು. ಕೂಗು ಹಾಕುವುದಕ್ಕೆ ಇದನ್ನು ಮೀರಿಸಿದ್ದು ಇನ್ನೂ ಇಲ್ಲ. ಒಂದು ಸಂದೇಶ ಹಾಕಿದರೆ ಹತ್ತು ನಿಮಿಷದಲ್ಲಿ ಯಾರಾದರೂ ಒಬ್ಬರು "ನಾನು ಬರ್ತೀನಿ" ಅಂತಾರೆ. ತೊಂದರೆ ಆಮೇಲೆ ಶುರು. ರಕ್ತ ಸಿಕ್ಕು, ರೋಗಿ ಮನೆಗೆ ಹೋಗಿ, ಮಗುವಿಗೆ ಹೆಸರಿಟ್ಟಾದ ಮೇಲೂ ಅದೇ ಸಂದೇಶ ಬೇರೆ ಬೇರೆ ಗ್ರೂಪುಗಳನ್ನು ಸುತ್ತಿ "ಅರ್ಜೆಂಟ್" ಅಂತ ನಮಗೇ ವಾಪಸು ಬಂದದ್ದಿದೆ. ಅದರಲ್ಲಿ ತಾರೀಖು ಇರಲಿಲ್ಲವಲ್ಲ! ಅವತ್ತಿನಿಂದ ಒಂದು ಕಟ್ಟಳೆ ಮಾಡಿಕೊಂಡೆವು: ತಾರೀಖು, ಹೊತ್ತು, ಆಸ್ಪತ್ರೆ, ಎಷ್ಟು ಯೂನಿಟ್ ಎಂಬುದಿಲ್ಲದ ಸಂದೇಶ ಹಾಕಕೂಡದು, ರಕ್ತ ಸಿಕ್ಕ ಕೂಡಲೇ ಹಾಕಿದವರೇ ಅಳಿಸಬೇಕು. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದ ಮೇಲೆ ಶುಭೋದಯದ ಹೂವಿನ ಚಿತ್ರಗಳೂ ನಿಂತವು. ಒಬ್ಬ ಹಿರಿಯರು ಮುನಿಸಿಕೊಂಡು ಗ್ರೂಪ್ ಬಿಟ್ಟರು.

ಇನ್ನೊಂದು ವಿಷಯ ನನಗೆ ಹೊಳೆದಿರಲಿಲ್ಲ, ಕಾಲೇಜಿನ ಹುಡುಗಿಯೊಬ್ಬಳು ಹೇಳಿದಳು. "ಅಣ್ಣ, ಗ್ರೂಪಲ್ಲಿ ನನ್ನ ನಂಬರ್ ಎಲ್ರಿಗೂ ಕಾಣುತ್ತೆ. ಯಾರ್ಯಾರೋ ಹಾಯ್ ಅಂತಾರೆ." ಗ್ರೂಪಿಗೆ 1024 ಜನ ಹಿಡಿಯುತ್ತಾರೆ ಅಂತ ಹಿಗ್ಗಿ ಜನ ತುಂಬಿದವರು ನಾವು, ಅಷ್ಟೂ ಜನರ ಕೈಗೆ ಅವಳ ನಂಬರ್ ಕೊಟ್ಟವರೂ ನಾವೇ. ಬದಲಿಗೆ, ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ನೋಡಿದೆವು. ಅದು ಪಟ್ಟಿಗೆ 256 ಜನರಷ್ಟೇ, ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನೋಂದಣಿ ಮಾಡುವಾಗಲೇ ಎದುರಿಗೆ ನಿಂತು ನಮ್ಮ ನಂಬರ್ ಸೇವ್ ಮಾಡಿಸುವುದು ಈಗ ರೂಢಿ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು, ಗ್ರೂಪಿಗೆ ಎರಡು ಲಕ್ಷ ಜನ ಹಿಡಿಯುತ್ತಾರೆ. ನಮ್ಮ ಪೈಕಿ ಅದನ್ನು ಹಾಕಿಕೊಂಡವರು ಒಂಬತ್ತು ಜನ. ಅಲ್ಲಿಗೆ ಮುಗಿಯಿತು.

ಮೂರನೆಯದು ಗೂಗಲ್ ಶೀಟ್, ನೆಟ್‌ನಲ್ಲಿ ಹಲವರು ತೆರೆದು ತುಂಬಬಹುದಾದ ಕೋಷ್ಟಕ. ನನ್ನ ಒಲವು ಈ ಕಡೆಗೇ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಾವು ಅತಿ ಹೆಚ್ಚು ತಪ್ಪು ಮಾಡಿದ್ದೂ ಇದರಲ್ಲೇ.

ಮೊದಲ ಕಾಟ ಅಕ್ಷರದ್ದು. ಹಿಂದಿನ ಶಿಬಿರಗಳ ಪಟ್ಟಿ ನನ್ನ ಅಂಗಡಿಯಲ್ಲೇ ಹಳೇ ನುಡಿ ಫಾಂಟಿನಲ್ಲಿ ಟೈಪ್ ಆಗಿತ್ತು. ಅದನ್ನು ಶೀಟಿಗೆ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ಫಾಂಟುಗಳಲ್ಲಿ ಕನ್ನಡ ಕಾಣುವುದು ಕಣ್ಣಿಗೆ ಮಾತ್ರ, ಒಳಗಿರುವುದು ಬೇರೆ ಸಂಕೇತ. ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸದೆ ಹುಡುಕಲೂ ಬಾರದು, ವಿಂಗಡಿಸಲೂ ಬಾರದು. ಪರಿವರ್ತಕಕ್ಕೆ ಹಾಕಿ, ಒತ್ತಕ್ಷರ ಕೆಟ್ಟ ಕಡೆ ಕೈಯಿಂದ ತಿದ್ದುವ ಹೊತ್ತಿಗೆ ಮೂರು ಭಾನುವಾರ ಹೋದವು. ಸಂಘದ ಹಳೇ ಕಾಗದಪತ್ರ ಕಂಪ್ಯೂಟರಿನಲ್ಲಿ ಇದೆ ಎಂದು ನೆಮ್ಮದಿಯಾಗಿರುವವರು ಒಮ್ಮೆ ಅದನ್ನು ಫೋನಿನಲ್ಲಿ ತೆಗೆದು ನೋಡಿ.

ಎರಡನೆಯದು ತಾರೀಖು. ಶೀಟಿನ ಸೆಟ್ಟಿಂಗ್ ಅಮೆರಿಕದ್ದಿತ್ತು, ನಾನು ನೋಡಿರಲಿಲ್ಲ. ನಾವು 05/03 ಎಂದು ಮಾರ್ಚ್ ಐದನ್ನು ಬರೆದರೆ ಅದು ಮೇ ಮೂರು ಎಂದು ಓದಿಕೊಂಡಿತು. 13/03 ಎಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಖೆಂದೇ ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಂಡಿತು. ಅದರ ಮೇಲೆ 90 ದಿನ ಕೂಡಿಸುವ ಸೂತ್ರ ಬೇರೆ ಹಾಕಿದ್ದೆ! ಕೊಡಬಲ್ಲವರೆಲ್ಲ ಕೊಡಬಾರದವರಾದರು. ಫೈಲ್ ಮೆನುವಿನ ಸೆಟ್ಟಿಂಗಿನಲ್ಲಿ ದೇಶವನ್ನು ಭಾರತ ಮಾಡಿ, ಎಲ್ಲ ತಾರೀಖು ಮತ್ತೆ ಹೊಡೆದ ಮೇಲೆ ಸರಿಹೋಯಿತು. ಪಟ್ಟಿ ಶುರುಮಾಡುವ ಮೊದಲು ಮಾಡಬೇಕಿದ್ದ ಅರ್ಧ ನಿಮಿಷದ ಕೆಲಸ.

ಮೂರನೆಯದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಸ್ವಯಂಸೇವಕ ಹುಡುಗನೊಬ್ಬ ಹೆಸರಿನ ಕಾಲಂ ಒಂದನ್ನೇ ಆರಿಸಿಕೊಂಡು ಅಕಾರಾದಿಯಾಗಿ ಜೋಡಿಸಿಬಿಟ್ಟ. ಹೆಸರುಗಳಷ್ಟೇ ಸರಿದವು, ಪಕ್ಕದ ರಕ್ತದ ಗುಂಪು ಇದ್ದಲ್ಲೇ ಉಳಿಯಿತು. ಎ ಪಾಸಿಟಿವ್‌ನವರೆಲ್ಲ ಓ ನೆಗೆಟಿವ್ ಆದರು. ಆಸ್ಪತ್ರೆಯ ರಕ್ತನಿಧಿಯಲ್ಲಿ ಮತ್ತೆ ಪರೀಕ್ಷೆ ಮಾಡದೆ ಯಾರ ರಕ್ತವನ್ನೂ ಏರಿಸುವುದಿಲ್ಲ, ಆ ಧೈರ್ಯವಿತ್ತು. ಆದರೂ ಅರ್ಧ ರಾತ್ರಿಯಲ್ಲಿ ತಪ್ಪು ಮನುಷ್ಯನನ್ನು ನಿಟ್ಟುವಳ್ಳಿಯಿಂದ ಕರೆಸಿದ್ದು ನಾಚಿಕೆಗೇಡು. ಶೀಟಿನಲ್ಲಿ ಹಿಂದಿನ ಆವೃತ್ತಿಗೆ ಮರಳುವ ದಾರಿ ಇದೆ, ಅದೇ ನಮ್ಮನ್ನು ಉಳಿಸಿತು. ರಿಜಿಸ್ಟರ್ ಮೇಲೆ ಚಹಾ ಚೆಲ್ಲಿದರೆ ಆ ಭಾಗ್ಯ ಇರುವುದಿಲ್ಲ. ಈಗ ತಿದ್ದುವ ಅಧಿಕಾರ ಇಬ್ಬರಿಗೆ, ಉಳಿದವರಿಗೆ ನೋಡುವುದಷ್ಟೇ. ರಕ್ತದ ಗುಂಪನ್ನು ಟೈಪ್ ಮಾಡುವಂತಿಲ್ಲ, ಎಂಟು ಹೆಸರಿನ ಪಟ್ಟಿಯಿಂದ ಆರಿಸಬೇಕು. ಮೊದಲು "ಓ ಪಾಸಿಟಿವ್", "ಒ ಪ್ಲಸ್", "ಓ+" ಅಂತ ಒಂದೇ ಗುಂಪು ಮೂರು ವೇಷದಲ್ಲಿತ್ತು.

ಇಷ್ಟೆಲ್ಲ ಆದ ಮೇಲೆ ಫೋನ್ ಬಂದರೆ ಬಿ ನೆಗೆಟಿವ್ ಅಂತ ಸೋಸಿ, ಅರ್ಹ ದಿನ ದಾಟಿದವರ ಹೆಸರು ನೋಡಲು ಒಂದು ನಿಮಿಷವೂ ಬೇಡ. ರಿಜಿಸ್ಟರಿನಲ್ಲಿ ಅರ್ಧ ಗಂಟೆ, ಅದೂ ಮೇಷ್ಟ್ರು ಮನೆಯಲ್ಲಿದ್ದರೆ.

ನಾಲ್ಕನೆಯದು ದುಡ್ಡು ಕೊಡುವ ಸಾಫ್ಟ್‌ವೇರ್. ಸೇವಾ ಸಂಸ್ಥೆಗಳಿಗೆಂದೇ ಮಾಡಿದ್ದು ಅಂತ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದು ತೋರಿಸಿದರು. ವರ್ಣಮಯ ಗ್ರಾಫು, ನಕ್ಷೆ, ಹುಟ್ಟುಹಬ್ಬದ ಸಂದೇಶ. ಒಂದು ತಿಂಗಳು ಪುಕ್ಕಟೆ ಬಳಸಿದೆವು. ಎಲ್ಲ ಗುಂಡಿಗಳೂ ಇಂಗ್ಲಿಷಿನಲ್ಲಿ, ಒಳಗೆ ಹೋಗಬೇಕಾದರೆ ಒಟಿಪಿ ಒಬ್ಬರ ಫೋನಿಗೇ ಬರಬೇಕು. ಮೇಷ್ಟ್ರು ಎರಡು ದಿನ ನೋಡಿ, "ಇದು ಬಳಗ ನಡೆಸೋರಿಗಲ್ಲಪ್ಪ, ಬಳಗದ ಬಗ್ಗೆ ವರದಿ ಕೊಡೋರಿಗೆ" ಅಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ನಾಳೆ ಬಿಟ್ಟರೆ ನಮ್ಮ ಪಟ್ಟಿ ಪೂರ್ತಿ ಎಕ್ಸೆಲ್‌ನಲ್ಲಿ ವಾಪಸು ಸಿಗುತ್ತದಾ? ನೇರ ಉತ್ತರ ಬರಲಿಲ್ಲ, ನಾವು ಮುಂದುವರಿಯಲಿಲ್ಲ. ದೊಡ್ಡ ಅನುದಾನ ಪಡೆದು ಹತ್ತಾರು ಸಿಬ್ಬಂದಿ ಇಟ್ಟುಕೊಂಡ ಸಂಸ್ಥೆಗೆ ಇಂಥದ್ದು ಬೇಕಾಗಬಹುದು. ನಮ್ಮಲ್ಲಿ ಸಂಬಳ ತೆಗೆದುಕೊಳ್ಳುವವರೇ ಇಲ್ಲ.

ಶೀಟ್ ಯಾರ ಖಾತೆಯಲ್ಲಿರಬೇಕು ಎಂಬುದನ್ನು ಹೇಳುವುದೇ ಮರೆತೆ. ಶೀಟ್ ಮೊದಲು ಇದ್ದದ್ದು ಒಬ್ಬ ಹುಡುಗನ ಸ್ವಂತ ಜಿಮೇಲ್‌ನಲ್ಲಿ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಬಳಗದ ಪಟ್ಟಿಯೂ ಅವನ ಜೊತೆಗೇ ಬಸ್ಸು ಹತ್ತಿತು. ಒಳ್ಳೆಯ ಹುಡುಗ, ಕೇಳಿದ ಕೂಡಲೇ ಕೊಟ್ಟ. ಈಗ ಬಳಗದ ಹೆಸರಿನಲ್ಲೇ ಖಾತೆ ಇದೆ, ಅದರ ರಿಕವರಿ ನಂಬರ್ ಅಧ್ಯಕ್ಷರದ್ದು, ಪಾಸ್‌ವರ್ಡ್ ಲಕೋಟೆಯಲ್ಲಿ ಮೇಷ್ಟ್ರ ಬೀರುವಿನಲ್ಲಿ. ಅದೇ ಬೀರು, ಆದರೆ ಕೀಲಿಕೈ ಈಗ ಎರಡಿವೆ. ಟ್ರಸ್ಟ್, ಸೊಸೈಟಿ ಅಂತ ನೋಂದಣಿ ಆದವರು ಗೂಗಲ್‌ನ ಲಾಭರಹಿತ ಸಂಸ್ಥೆಗಳ ಯೋಜನೆಗೆ ಅರ್ಜಿ ಹಾಕಬಹುದು. ಒಪ್ಪಿಗೆಯಾದರೆ ಸಂಸ್ಥೆಯ ಹೆಸರಿನ ಇಮೇಲ್ ಪುಕ್ಕಟೆ. ನಮ್ಮದು ನೋಂದಣಿಯಾಗದ ಬಳಗ, ಸಾಧಾರಣ ಖಾತೆಯ 15 ಜಿಬಿಯಲ್ಲೇ ನಡೆದಿದೆ.

ಫೋನಿನಲ್ಲೇ ಪ್ರಶ್ನೆ ಕೇಳಿ ಉತ್ತರ ತುಂಬಿಕೊಳ್ಳುವ ಗೂಗಲ್ ಫಾರ್ಮ್ ಮತ್ತು ಕೋಬೋಟೂಲ್‌ಬಾಕ್ಸ್ ಎರಡನ್ನೂ ಹೋಲಿಸುವ ಸಂದರ್ಭ ಬಂದದ್ದು ಜಗಳೂರು ತಾಲ್ಲೂಕಿನಲ್ಲಿ. ಪರಿಚಯದ ಟ್ರಸ್ಟೊಂದು ಕಣ್ಣಿನ ಶಿಬಿರಕ್ಕೆ ಮೊದಲು ಮನೆಮನೆ ಪಟ್ಟಿ ಮಾಡುತ್ತಿತ್ತು. ಫಾರ್ಮ್ ಮಾಡುವುದು ಸುಲಭ, ಅಂಗಡಿಯಲ್ಲಿ ಕೂತು ಅರ್ಧ ತಾಸಿನಲ್ಲಿ ಮುಗಿಸಿದೆ. ಹಳ್ಳಿಗೆ ಹೋದರೆ ನೆಟ್‌ವರ್ಕ್ ಇಲ್ಲ. ಹುಡುಗರು ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತುತ್ತಿದ್ದರು. ಕೋಬೋ ಕಲೆಕ್ಟ್ ಆ್ಯಪ್ ಉತ್ತರಗಳನ್ನು ಫೋನಿನಲ್ಲೇ ಇಟ್ಟುಕೊಂಡು, ಸಂಜೆ ನೆಟ್ ಸಿಕ್ಕಾಗ ಕಳಿಸುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಇಡಬಹುದು; ಆಪರೇಷನ್ ಆಗಿಲ್ಲ ಎಂದರೆ ಅದರ ಮುಂದಿನ ಪ್ರಶ್ನೆಗಳು ತಾವಾಗಿಯೇ ಮರೆಯಾಗುವಂತೆಯೂ ಮಾಡಬಹುದು. ಫಾರ್ಮ್ ಕಟ್ಟುವುದು ಮಾತ್ರ ತುಸು ತಲೆನೋವು, ನನಗೆ ಎರಡು ದಿನ ಹಿಡಿಯಿತು. ಹಳ್ಳಿ ಕೆಲಸಕ್ಕೆ ಕೋಬೋ, ಊರೊಳಗಿನ ನೋಂದಣಿಗೆ ಗೂಗಲ್ ಫಾರ್ಮ್. ಇದರಲ್ಲಿ ನನಗೆ ಗೊಂದಲವಿಲ್ಲ. ಆಧಾರ್ ನಂಬರ್ ಕೇಳುವ ಪ್ರಶ್ನೆಯೊಂದನ್ನು ಯಾರೋ ಸೇರಿಸಿದ್ದರು. ಕನ್ನಡಕ ಕೊಡಲು ಅದೇಕೆ ಬೇಕು ಅಂತ ತೆಗೆಸಿದೆ. ವೈಯಕ್ತಿಕ ಮಾಹಿತಿ ಕಾಪಾಡುವ 2023ರ ಕಾಯ್ದೆ ಒಂದು ಕಡೆಗಿರಲಿ, ಬೇಡದ್ದನ್ನು ಇಟ್ಟುಕೊಂಡರೆ ಕಾಯುವ ಕೆಲಸವೂ ನಮ್ಮದೇ.

ಅಲ್ಲೊಬ್ಬ ಅಜ್ಜಿ ನಮ್ಮ ಹುಡುಗನಿಗೆ, "ಕಣ್ಣು ಕಾಣ್ಸಲ್ಲ ಅಂತ ನಾ ಹೇಳ್ತಿದ್ರೆ ನೀ ಫೋನ್ ನೋಡ್ತಿಯಲ್ಲೋ ಮಗ" ಅಂದಳಂತೆ. ಅಂದಿನಿಂದ ಇಬ್ಬಿಬ್ಬರು ಹೋಗುತ್ತಾರೆ. ಒಬ್ಬರು ಮಾತಿಗೆ, ಒಬ್ಬರು ಫೋನಿಗೆ.

ದೇಣಿಗೆ ಲೆಕ್ಕದ ಬಗ್ಗೆ ಎರಡೇ ಮಾತು. ಕ್ಯೂಆರ್ ಕೋಡ್ ಅಂಟಿಸಿದ ಮೇಲೆ ದುಡ್ಡು ಹೆಚ್ಚು ಬಂತು ಅಂತ ಆ ಟ್ರಸ್ಟಿನವರು ಖುಷಿಯಲ್ಲಿದ್ದರು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಇರುವ ಸಂಸ್ಥೆಗಳು 2021-22ರ ದೇಣಿಗೆಯಿಂದ ಆದಾಯ ತೆರಿಗೆ ಇಲಾಖೆಗೆ 10ಬಿಡಿ ನಮೂನೆಯಲ್ಲಿ ದಾನಿಗಳ ಹೆಸರು, ವಿಳಾಸ, ಪ್ಯಾನ್‌ನಂಥ ಗುರುತಿನ ಸಂಖ್ಯೆ ಕೊಡಬೇಕಾಯಿತು. ಮೇ 31 ದಾಟಿದರೆ ದಿನಕ್ಕೆ 200 ರೂಪಾಯಿ ಶುಲ್ಕ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಯುಪಿಐ ಹೆಸರು ಬಿಟ್ಟರೆ ಬೇರೇನಿದೆ? ನಾನು ಹೊಡೆದುಕೊಟ್ಟ ಕಾಗದದ ರಸೀದಿ ಪುಸ್ತಕದಲ್ಲಿ ಪ್ಯಾನ್‌ಗೆ ಜಾಗವಿತ್ತು. ಕ್ಯೂಆರ್ ಪಕ್ಕದಲ್ಲೇ ಅದನ್ನೂ ಇಟ್ಟುಕೊಳ್ಳಿ ಎಂದರೆ ಅಂಗಡಿಯವನ ಸ್ವಾರ್ಥ ಅಂತ ನಕ್ಕರು. ಸ್ವಾರ್ಥವೂ ಇತ್ತು ಅನ್ನಿ.

ನಾನು ಸೋತದ್ದು ಹರಿಹರ ತಾಲ್ಲೂಕಿನ ಒಂದು ಸ್ತ್ರೀಶಕ್ತಿ ಸಂಘದಲ್ಲಿ. ಉಳಿತಾಯ, ಸಾಲ, ಮರುಪಾವತಿಯನ್ನೆಲ್ಲ ಶೀಟಿಗೆ ಹಾಕಿ, ಬಡ್ಡಿ ತಾನಾಗಿ ಬರುವ ಹಾಗೆ ಮಾಡಿಕೊಟ್ಟೆ. ಹೆಮ್ಮೆಯಿಂದಲೇ ಮಾಡಿದ್ದೆ. ಮೂರು ವಾರಕ್ಕೆ ಅವರು ಮತ್ತೆ ಪುಸ್ತಕಕ್ಕೆ ಮರಳಿದರು. ಯಾಕೆ ಅಂತ ನೋಡಲು ಒಂದು ಸಭೆಗೆ ಹೋಗಿ ಕೂತೆ. ಪುಸ್ತಕ ಬರೆಯುವ ಅಕ್ಕ ಪ್ರತಿಯೊಬ್ಬರ ಹೆಸರು ಕೂಗಿ, "ಉಳಿತಾಯ ನೂರು, ಸಾಲದ ಕಂತು ಐನೂರು, ಬಾಕಿ ಇಷ್ಟು" ಅಂತ ಗಟ್ಟಿಯಾಗಿ ಓದುತ್ತಾಳೆ. ಓದು ಬಾರದವರೂ ತಮ್ಮ ಲೆಕ್ಕವನ್ನು, ಪಕ್ಕದವರ ಲೆಕ್ಕವನ್ನು ಕಿವಿಯಾರೆ ಕೇಳುತ್ತಾರೆ. ಒಬ್ಬಾಕೆ ಅಲ್ಲೇ ತಡೆದಳು: "ಹೋದ ವಾರ ನಾ ಆರ್ನೂರು ಕೊಟ್ಟಿದ್ನಲ್ಲ ಅಕ್ಕ." ಪುಟ ತಿರುಗಿಸಿ ನೋಡಿದರೆ ಹೌದು. ನನ್ನ ಶೀಟ್ ಬಂದ ಮೇಲೆ ಅಕ್ಕ ಫೋನಿನಲ್ಲಿ ಸುಮ್ಮನೆ ಒತ್ತುತ್ತಿದ್ದಳು, ಉಳಿದವರು ಬಾಯಿ ಮುಚ್ಚಿ ಕೂತಿರುತ್ತಿದ್ದರು. ಅಲ್ಲಿ ಪುಸ್ತಕವೇ ಗೆದ್ದಿತು. ಸಭೆ ಮುಗಿದ ಮೇಲೆ ಆ ದಿನದ ಪುಟದ ಫೋಟೊ ತೆಗೆದು ಅವರದೇ ಸಣ್ಣ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದನ್ನಷ್ಟೇ ಹೇಳಿಕೊಟ್ಟು ಬಂದೆ.

ರಕ್ತದಾನಿಗಳ ಬಳಗದಲ್ಲಿ ಈಗ ಶೀಟೇ ಮೂಲ, ಕೂಗಲು ಮಾತ್ರ ವಾಟ್ಸ್‌ಆ್ಯಪ್. ಪ್ರತಿ ತಿಂಗಳ ಒಂದನೇ ತಾರೀಖು ಪಟ್ಟಿಯ ಪ್ರಿಂಟ್ ತೆಗೆದು ಮೇಷ್ಟ್ರಿಗೆ ಕೊಡುತ್ತೇನೆ. ಅವರು ಅದನ್ನು ಹಳೇ ರಿಜಿಸ್ಟರಿನೊಳಗೆ ಮಡಚಿಟ್ಟುಕೊಂಡು, ಅಂಚಿನಲ್ಲಿ ಪೆನ್ನಿನಿಂದ "ಊರಲ್ಲಿಲ್ಲ", "ಸಕ್ಕರೆ ಕಾಯಿಲೆ", "ಮಗ ಬಂದಿದ್ದಾನೆ, ಅವನೂ ಬಿ ನೆಗೆಟಿವ್" ಅಂತ ಬರೆದಿರುತ್ತಾರೆ. ಶೀಟಿನ ಕೊನೆಯಲ್ಲಿ ಅದಕ್ಕೆಂದೇ "ಮೇಷ್ಟ್ರ ಮಾತು" ಎಂಬ ಕಾಲಂ ಸೇರಿಸಿದ್ದೇನೆ. ಈ ಭಾನುವಾರ ಹದಿನಾಲ್ಕು ಸಾಲು ತುಂಬಿಸುವುದಿದೆ.