ಇಳಿಸಿದ ಪೋಲೋಗೆ ಯಾವ ರಿಮ್ಮು? ಹಾಸನ–ಚಿಕ್ಕಮಗಳೂರಿನ ರಸ್ತೆಗೆ ಮೂರು ಅಳತೆಗಳ ವಿಮರ್ಶೆ

ಸ್ಪ್ರಿಂಗ್ ಬದಲಿಸಿ 30–35 ಎಂಎಂ ಇಳಿಸಿದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಗೆ ಅಲಾಯ್ ರಿಮ್ಮು ಹುಡುಕುವವರ ಮುಂದೆ ಸಾಮಾನ್ಯವಾಗಿ ಮೂರು ಅಳತೆಗಳು ಬರುತ್ತವೆ: 16×7 ಇಟಿ 38, 17×7.5 ಇಟಿ 40, 17×8 ಇಟಿ 30. ಮೊದಲ ಅಂಕಿ ರಿಮ್ಮಿನ ವ್ಯಾಸ, ಎರಡನೆಯದು ಅಗಲ, ಎರಡೂ ಇಂಚಿನಲ್ಲಿ; ಇಟಿ ಏನೆಂಬುದು ಮುಂದೆ ಬರುತ್ತದೆ. ಪೋಲೋ ತಯಾರಿಕೆ ನಮ್ಮ ದೇಶದಲ್ಲಿ 2022ರಲ್ಲೇ ನಿಂತಿದ್ದರೂ ಸೆಕೆಂಡ್ಸ್‌ನಲ್ಲಿ ತೆಗೆದುಕೊಂಡು ಇಳಿಸುವವರು ಇನ್ನೂ ಇದ್ದಾರೆ, ಈ ವಿಮರ್ಶೆ ಅವರಿಗಾಗಿ. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಘಾಟಿ, ತೋಟದ ದಾರಿ, ಮಳೆಗಾಲದ ಗುಂಡಿ ಎಲ್ಲವನ್ನೂ ಕಾಣುವ ಗಾಡಿಗೆ 16×7. ಹಾಸನದಿಂದ ಬೆಂಗಳೂರಿನ ಕಡೆ ಹೆದ್ದಾರಿಯಲ್ಲೇ ಹೆಚ್ಚು ಓಡುವ ಗಾಡಿಗೆ 17×7.5. ಮೂರನೆಯ ಅಳತೆ ಯಾರಿಗೂ ಬೇಡ.

ಕಾರಣ ತಿಳಿಯಬೇಕಾದರೆ ಮೊದಲು ಗಾಡಿಯ ಜೊತೆ ಬಂದ ರಿಮ್ಮನ್ನು ಬಿಚ್ಚಿ ಹಿಂಬದಿ ಓದಬೇಕು. ಅಗಲ ಮತ್ತು ಆಫ್‌ಸೆಟ್ ಎರಕದಲ್ಲೇ ಮೂಡಿರುತ್ತವೆ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಯಿಂದ ಹಬ್ಬಿಗೆ (ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಗುಂಭಕ್ಕೆ) ಕೂರುವ ಮುಖ ಎಷ್ಟು ಎಂಎಂ ಹೊರಗಿದೆ ಎಂಬುದೇ ಆಫ್‌ಸೆಟ್, ಅಂದರೆ ಇಟಿ. ಈ ಅಂಕಿ ಇಳಿದಷ್ಟೂ ಚಕ್ರ ಫೆಂಡರಿನ (ಚಕ್ರದ ಮೇಲಿನ ಬಾಡಿ ತಗಡಿನ) ಕಡೆ ಬರುತ್ತದೆ, ಏರಿದಷ್ಟೂ ಸ್ಟ್ರಟ್ಟಿನ (ಒಳಗಡೆ ಸ್ಪ್ರಿಂಗ್ ಕೂತಿರುವ ಸಸ್ಪೆನ್ಷನ್ ಕಂಬದ) ಕಡೆ ಸರಿಯುತ್ತದೆ. ಆದರೆ ಇಟಿಯನ್ನಷ್ಟೇ ಹೋಲಿಸಿ ಕೊಂಡರೆ ಮೋಸ ಹೋಗುತ್ತೀರಿ, ಏಕೆಂದರೆ ಅಗಲ ಹೆಚ್ಚಿದಾಗ ಎರಡೂ ಕಡೆ ಬೆಳೆಯುತ್ತದೆ. ಲೆಕ್ಕ ಹೀಗೆ: ಇಂಚಿನ ಅಗಲವನ್ನು 25.4ರಿಂದ ಗುಣಿಸಿ ಅರ್ಧ ಮಾಡಿ. ಅದರಿಂದ ಇಟಿ ಕಳೆದರೆ ಹೊರಗಿನ ಚಾಚು, ಅದಕ್ಕೆ ಇಟಿ ಕೂಡಿಸಿದರೆ ಒಳಗಿನ ಚಾಚು.

ಹಳೆಯ ರಿಮ್ಮಿನ ಮೇಲೆ 6ಜೆ ಇಟಿ 40, ಅಂದರೆ 6 ಇಂಚು ಅಗಲ, ಎಂದಿದೆ ಎಂದಿಟ್ಟುಕೊಳ್ಳಿ. ಹೊರಗೆ 36 ಎಂಎಂ, ಒಳಗೆ 116 ಎಂಎಂ. 16×7 ಇಟಿ 38ಕ್ಕೆ ಹೊರಗೆ 51, ಒಳಗೆ 127. 17×7.5 ಇಟಿ 40ಕ್ಕೆ 55 ಮತ್ತು 135. 17×8 ಇಟಿ 30ಕ್ಕೆ 72 ಮತ್ತು 132. ಮೊದಲೆರಡು ಅಳತೆಗಳ ನಡುವೆ ಹೊರಗಡೆ ಇರುವ ವ್ಯತ್ಯಾಸ ಬರೀ 4 ಎಂಎಂ. ಮೂರನೆಯದು ಹಳೆಯದಕ್ಕಿಂತ 35 ಎಂಎಂ ಹೊರಗೆ ಚಾಚುತ್ತದೆ. ಗಾಡಿ ಇಳಿಸಿದ ಮೇಲೆ ಫೆಂಡರ್ ಅಂಚು ಟಯರಿನ ಭುಜಕ್ಕೆ ಹತ್ತಿರ ಬಂದಿರುತ್ತದೆ, ಹಾಗಾಗಿ ಈ 35 ಎಂಎಂ ಅಡಗಲು ಎಲ್ಲೂ ಜಾಗವಿಲ್ಲ.

16×7 ಇಟಿ 38ಕ್ಕೆ ಸರಿಯಾದ ಟಯರು 205/50 ಆರ್16: ಅಗಲ 205 ಎಂಎಂ, ಸೈಡ್‌ವಾಲ್ (ಟಯರಿನ ಪಕ್ಕದ ಗೋಡೆ) ಅದರ ಶೇ. 50, ರಿಮ್ಮು 16 ಇಂಚು. ಇದರ ವ್ಯಾಸ 611 ಎಂಎಂ, ಸೈಡ್‌ವಾಲ್ ಎತ್ತರ 102 ಎಂಎಂ. ಹಳೆಯ ಜಿಟಿಯ 185/60 ಆರ್15ರ ವ್ಯಾಸ 603, ನಂತರ ಬಂದ 195/55 ಆರ್16ರದ್ದು 621. ಎರಡರ ನಡುವೆ ಕೂರುವುದರಿಂದ ಸ್ಪೀಡೋಮೀಟರ್ ಹೆಚ್ಚು ದಾರಿ ತಪ್ಪುವುದಿಲ್ಲ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಳೆನೀರು ತುಂಬಿದ ಗುಂಡಿಯ ಆಳ ಕಣ್ಣಿಗೆ ಕಾಣದು. ಅಲ್ಲಿ ರಿಮ್ಮನ್ನು ಉಳಿಸುವುದು ಆ 102 ಎಂಎಂ ರಬ್ಬರು ಮತ್ತು ಅದರೊಳಗಿನ ಗಾಳಿ. ಇಳಿಸಿದ ಗಾಡಿಯಲ್ಲಿ ಸಸ್ಪೆನ್ಷನ್ನಿನ ಓಟ ಮೊದಲೇ ಕಡಿಮೆಯಾಗಿರುತ್ತದೆ. ಸೈಡ್‌ವಾಲನ್ನೂ ಕಡಿಮೆ ಮಾಡಿದರೆ ಹೊಡೆತ ತಡೆಯಲು ಏನೂ ಉಳಿಯುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗಳನ್ನು ನೋಡಿದವರಿಗೆ ಇದು ಹೊಸ ಮಾತಲ್ಲ: ಮಣ್ಣಿನ ಹಂತಗಳಿಗೆ ಅಲ್ಲಿನ ವೇಗದ ಕಾರುಗಳೂ 15 ಇಂಚಿನ ರಿಮ್ಮಿಗೆ ಎತ್ತರದ ಸೈಡ್‌ವಾಲ್ ಇರುವ ಟಯರನ್ನೇ ಹಾಕುತ್ತವೆ. ನೋಟಕ್ಕೂ 16×7 ಸೋಲುವುದಿಲ್ಲ, ಹೊರಗೆ 15 ಎಂಎಂ ಬಂದರೆ ಚಕ್ರ ಫೆಂಡರನ್ನು ಚೆನ್ನಾಗಿ ತುಂಬುತ್ತದೆ.

17×7.5 ಇಟಿ 40ರ ಮಾತು ಸ್ವಲ್ಪ ಉದ್ದ. ಟಯರು 205/45 ಆರ್17: ವ್ಯಾಸ 616, ಸೈಡ್‌ವಾಲ್ 92 ಎಂಎಂ. ಹೆದ್ದಾರಿಯಲ್ಲಿ ಸ್ಟೇರಿಂಗ್ ತಕ್ಷಣ ಮಾತು ಕೇಳುತ್ತದೆ, ತಿರುವಿನಲ್ಲಿ ಟಯರು ಪಕ್ಕಕ್ಕೆ ಬಾಗುವುದು ಕಡಿಮೆ. ಈ ಟಯರಿಗೆ ಒಪ್ಪುವ ರಿಮ್ಮಿನ ಅಗಲ 6.5ರಿಂದ 7.5 ಇಂಚು, ಅಂದರೆ 7.5 ಕೊನೆಯ ಮಿತಿ. ಅದರಿಂದಾಗಿ ರಿಮ್ಮಿನ ಅಂಚನ್ನು ಕಾಯುವ ರಬ್ಬರಿನ ತುಟಿ ಹೆಚ್ಚು ಹೊರಗೆ ಬರುವುದಿಲ್ಲ, ಪಾದಚಾರಿ ಕಟ್ಟೆಗೆ ಉಜ್ಜಿದರೆ ಅಲಾಯ್ ನೇರವಾಗಿ ಸವೆಯುತ್ತದೆ. ಕೊಳ್ಳುವಾಗ ಲೋಡ್ ಇಂಡೆಕ್ಸ್ ಗಮನಿಸಲೇಬೇಕು. 195/55 ಆರ್16ರಲ್ಲಿ ಅದು 87, ಒಂದು ಟಯರು 545 ಕೆಜಿ ಹೊರುತ್ತದೆ. ಸಾಮಾನ್ಯ 205/45 ಆರ್17ರಲ್ಲಿ 84, ಬರೀ 500 ಕೆಜಿ. ಪಕ್ಕದಲ್ಲಿ 88 ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್, ಹೆಚ್ಚು ಭಾರ ಹೊರುವಂಥದ್ದು) ಎಂದಿರುವುದನ್ನೇ ಕೇಳಿ, ಅದು 560 ಕೆಜಿ ಹೊರುತ್ತದೆ. ಎಕ್ಸ್‌ಎಲ್ ಟಯರು ಆ ಭಾರ ಹೊರಬೇಕಾದರೆ ಗಾಳಿ ಹೆಚ್ಚು ಬೇಕು. 30 ಪಿಎಸ್‌ಐಗೆ ಬಿಟ್ಟು ಓಡಿಸಿದರೆ ಗುಂಡಿಯಲ್ಲಿ ಸೈಡ್‌ವಾಲ್ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ದಾರ ಹರಿಯುತ್ತದೆ, ಮಾರನೆಯ ದಿನ ಟಯರಿನ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟಯರಿಗೆ ರಿಪೇರಿ ಇಲ್ಲ. ಗಾಳಿ 34–36 ಪಿಎಸ್‌ಐ ಇರಲಿ, ತಣ್ಣಗಿದ್ದಾಗಲೇ ನೋಡಿ.

ಈ ಅಳತೆಯಲ್ಲಿ ತಾಗುವುದು ಹಿಂದಿನ ಚಕ್ರ. ಪೋಲೋದ ಹಿಂದುಗಡೆ ಇರುವುದು ಟ್ವಿಸ್ಟ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಸೇರಿಸುವ ಒಂದೇ ತೊಲೆ. ಗಾಡಿ ಎಷ್ಟೇ ಇಳಿದರೂ ಅಲ್ಲಿ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲುವ ಕೋನ) ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ, ಟಯರಿನ ತಲೆ ಒಳಗೆ ವಾಲುವುದಿಲ್ಲ, ನೇರವಾಗಿ ಮೇಲಕ್ಕೇ ಏರುತ್ತದೆ. ಒಬ್ಬರೇ ಓಡಿಸುವಾಗ ಸದ್ದೇ ಇರುವುದಿಲ್ಲ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಹೊರಗಿನ ಹಿಂಚಕ್ರದ ಭುಜ ಫೆಂಡರಿನ ಒಳಮಡಿಕೆಗೆ ಉಜ್ಜಬಹುದು. ಅಂಗಡಿಯಲ್ಲಿ ಖಾಲಿ ಗಾಡಿಯ ಸುತ್ತ ಒಂದು ಸುತ್ತು ಬಂದು «ಎಲ್ಲೂ ತಾಗಲ್ಲ ಸರ್» ಎಂದು ಹೇಳುವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ.

17×8 ಇಟಿ 30 ಏಕೆ ಬೇಡವೆಂದರೆ, ಕೆಡುಕು ಒಂದೇ ಕಡೆ ನಿಲ್ಲುವುದಿಲ್ಲ. 205/45 ಟಯರಿಗೆ 8 ಇಂಚು ಮಿತಿ ಮೀರಿದ ಅಗಲ, ಬೀಡ್ (ರಿಮ್ಮಿಗೆ ಕೂರುವ ಟಯರಿನ ಅಂಚು) ಎಳೆದುಕೊಂಡು ಕೂರುತ್ತದೆ, ಗುಂಡಿಯಲ್ಲಿ ಗಾಳಿ ಬಿಟ್ಟುಬಿಡುವ ಭಯ. 215/45 ಹಾಕಿದರೆ ವ್ಯಾಸ 625ಕ್ಕೆ ಏರಿ ಉಜ್ಜುವುದು ಇನ್ನೂ ಹೆಚ್ಚು. ಚಕ್ರದ ನಡುಗೆರೆ ಹೊರಗೆ ಸರಿದದ್ದರಿಂದ ಬೇರಿಂಗಿನ ಮೇಲಿನ ಹೊರೆ ಏರುತ್ತದೆ. ಸ್ಟೇರಿಂಗ್ ತಿರುಗುವ ಅಕ್ಷಕ್ಕೂ ಟಯರಿನ ನಡುವಿಗೂ ಇರಬೇಕಾದ ಅಂತರ ಕೆಟ್ಟು, ಒಂದು ಚಕ್ರ ನೀರಿಗೋ ಗುಂಡಿಗೋ ಬಿದ್ದಾಗ ಸ್ಟೇರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ. ಇದಕ್ಕೆ ಹೇಳುವ ಪರಿಹಾರ ಫೆಂಡರಿನ ಒಳಮಡಿಕೆಯನ್ನು ಮಡಚುವುದು. ಬಣ್ಣವನ್ನು ಬಿಸಿಗಾಳಿಯಿಂದ ಮೆತ್ತಗೆ ಮಾಡದೆ ಮಡಚಿದರೆ ಸಣ್ಣ ಬಿರುಕು ಬೀಳುತ್ತದೆ, ಒಳಗಿನ ಸೀಲಂಟೂ ಒಡೆಯುತ್ತದೆ. ಮಲೆನಾಡಿನ ಜೂನ್–ಸೆಪ್ಟೆಂಬರಿನ ಮಳೆಗೆ ಅಂಥ ಬಿರುಕು ಸಾಕು, ತುಕ್ಕು ಒಳಗಿಂದ ಶುರುವಾಗಿ ಹೊರಗೆ ಕಾಣುವಾಗ ತಗಡು ತೂತು. ಚಕ್ರ ಬಾಡಿಯಿಂದ ಹೊರಗೆ ಬಂದಿದ್ದರೆ ವಾಹನದ ಮಾರ್ಪಾಡಿನ ಬಗೆಗಿನ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಶ್ನೆಯೂ ಏಳುತ್ತದೆ. ಯಾವ ಅಳತೆ ಹಾಕಿದರೂ ವಿಮೆ ಕಂಪನಿಗೆ ಬರೆದು ತಿಳಿಸಿಡುವುದು ಒಳ್ಳೆಯದು.

ಅಳತೆ ಆಯ್ದ ಮೇಲೆ ಕೂರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಪೋಲೋದ ಪಿಸಿಡಿ (ಬೋಲ್ಟುಗಳ ಎಣಿಕೆ ಮತ್ತು ಅವು ಕೂರುವ ವೃತ್ತದ ವ್ಯಾಸ) 5×100, ಹಬ್ಬಿನ ವ್ಯಾಸ 57.1 ಎಂಎಂ. ಅಂಗಡಿಯಲ್ಲಿ 5×112 ಸುಲಭವಾಗಿ ಸಿಗುತ್ತದೆ ಎಂದು ಆಡುವ ಬೋಲ್ಟು ಹಾಕಿ ಹೊಂದಿಸುವ ಸಲಹೆ ಬಂದರೆ ಅಲ್ಲಿಂದ ಎದ್ದು ಬನ್ನಿ. ವ್ಯಾಸದಲ್ಲಿ 12 ಎಂಎಂ ಎಂದರೆ ಪ್ರತಿ ಬೋಲ್ಟು 6 ಎಂಎಂ ಸರಿಯಬೇಕು, ಅಷ್ಟನ್ನು ಯಾವ ಬೋಲ್ಟೂ ತಡೆಯಲಾರದು. ಕಂಪನಿಯದ್ದಲ್ಲದ ಹೊರಗಿನ ರಿಮ್ಮುಗಳ ನಡುತೂತು ಬಹುಪಾಲು 73.1 ಇರುತ್ತದೆ, ಆದ್ದರಿಂದ 73.1ರಿಂದ 57.1ಕ್ಕೆ ಇಳಿಸುವ ಹಬ್ ರಿಂಗ್ ನಾಲ್ಕು ಬೇಕು. ರಿಂಗ್ ಇಲ್ಲದೆ ಕೂರಿಸಿದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ 80–100 ಕಿಮೀ ವೇಗದಲ್ಲಿ ಸ್ಟೇರಿಂಗ್ ನಡುಗುತ್ತಲೇ ಇರುತ್ತದೆ. ಅಲ್ಯೂಮಿನಿಯಂ ರಿಂಗು ನಮ್ಮ ತೇವಕ್ಕೆ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೆಳುವಾಗಿ ಗ್ರೀಸ್ ಸವರಿ ಹಾಕಿ. ಗ್ರೀಸ್ ಬೋಲ್ಟಿನ ಎಳೆಗೆ ಮಾತ್ರ ತಾಗಬಾರದು.

ಬೋಲ್ಟುಗಳ ಬಗ್ಗೆ ಒತ್ತಿ ಹೇಳಲೇಬೇಕು. ಕಂಪನಿಯ ಬೋಲ್ಟು ಎಂ14×1.5, ಅದರ ತಲೆಯ ಕೆಳಭಾಗ ಗುಂಡಗೆ. ಹೊರಗಿನ ರಿಮ್ಮಿನಲ್ಲಿ ಅದು ಕೂರುವ ಕುಳಿ ಹೆಚ್ಚಾಗಿ 60 ಡಿಗ್ರಿಯ ಶಂಕುವಿನ ಆಕಾರ. ಗುಂಡು ತಲೆ ಶಂಕುವಿನೊಳಗೆ ತೆಳು ಗೆರೆಯಷ್ಟೇ ತಾಗುತ್ತದೆ. ಬಿಗಿದಾಗ ಗಟ್ಟಿ ಎನಿಸಿದರೂ ನೂರಿನ್ನೂರು ಕಿಲೋಮೀಟರಿಗೆ ಸಡಿಲಾಗುತ್ತದೆ. ಆದ್ದರಿಂದ ಶಂಕು ತಲೆಯ ಬೋಲ್ಟು 20 ಬೇಕು. ಕೈಯಿಂದ ತಿರುಗಿಸಿದಾಗ ಕನಿಷ್ಠ 7.5 ಸುತ್ತು ಒಳಗೆ ಹೋಗಬೇಕು. ಹಾಗೆಂದು ತೀರಾ ಉದ್ದದ್ದೂ ಆಗದು, ಹಿಂದಿನ ಡ್ರಮ್ಮಿನೊಳಗೆ ಹೊಕ್ಕು ಬ್ರೇಕಿನ ಭಾಗಗಳಿಗೆ ತಾಗುತ್ತದೆ. ಬಿಗಿಯುವುದು 120 ನ್ಯೂಟನ್ ಮೀಟರಿಗೆ, ಟಾರ್ಕ್ ರೆಂಚಿನಿಂದ, ನಕ್ಷತ್ರದ ಕ್ರಮದಲ್ಲಿ. ಗಾಳಿ ಗನ್ನಿನಿಂದ ಬಿಗಿದು ಬಿಟ್ಟರೆ ಒಪ್ಪಬೇಡಿ. 50–100 ಕಿಮೀ ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಒಳಗಿನ ಅಂತರ ಅಳೆಯಲು ಗೋಧಿಹಿಟ್ಟಿನ ಕಣಕ ಸಾಕು. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟ್ರಟ್ಟಿಗೆ ಅಂಟಿಸಿ, ಚಕ್ರ ಹಾಕಿ, ಗಾಡಿ ಕೆಳಗಿಳಿಸಿ, ಮತ್ತೆ ಬಿಚ್ಚಿ ಉಂಡೆಯ ದಪ್ಪ ನೋಡಿ. 5 ಎಂಎಂಗಿಂತ ಕಡಿಮೆ ಇದ್ದರೆ ಆ ರಿಮ್ಮು ಬೇಡ. ಬ್ರೇಕ್ ಕ್ಯಾಲಿಪರಿಗೂ ರಿಮ್ಮಿಗೂ 3 ಎಂಎಂ ಇರಲಿ, ಒಳಗೆ ಅಂಟಿಸುವ ಬ್ಯಾಲೆನ್ಸ್ ತೂಕ ಆ ಅಂತರವನ್ನು ತಿನ್ನುತ್ತದೆ ಎಂಬುದೂ ನೆನಪಿರಲಿ. ಹೊರಗಡೆಗೆ ಸೀಮೆಸುಣ್ಣ. ಫೆಂಡರಿನ ಒಳಮಡಿಕೆ ಮತ್ತು ಲೈನರಿಗೆ (ಅದರೊಳಗಿನ ಹೊದಿಕೆಗೆ) ದಪ್ಪಗೆ ಬಳಿದು, ಐದು ಜನ ಕೂತು, ದೊಡ್ಡ ಹಂಪು ಒಂದೆರಡು ದಾಟಿ, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿ ನೋಡಿದರೆ ಎಲ್ಲಿ ಅಳಿಸಿದೆಯೋ ಅಲ್ಲೇ ತಾಗುತ್ತದೆ.

ಅಲೈನ್‌ಮೆಂಟನ್ನು ಸ್ಪ್ರಿಂಗ್ ಹಾಕಿದ ದಿನವೇ ಮಾಡಿಸಿ ಮುಗಿಸಬೇಡಿ. ಸ್ಪ್ರಿಂಗ್ ಕೂರಲು 400–500 ಕಿಮೀ ಬೇಕು, ಆಮೇಲೆ ಮತ್ತೆ ಮಾಡಿಸಿ. ಇಳಿಸಿದಾಗ ಮುಂದಿನ ಟೋ (ಚಕ್ರಗಳು ಒಳಗೋ ಹೊರಗೋ ತಿರುಗಿ ನಿಲ್ಲುವ ಕೋನ) ಬದಲಾಗಿರುತ್ತದೆ. ಬಿಟ್ಟರೆ ಟಯರಿನ ಒಳಅಂಚು ಕಣ್ಣಿಗೆ ಬೀಳದಂತೆ ಸವೆದು ದಾರ ಹೊರಬರುತ್ತದೆ.

ರಿಮ್ಮು ಕೊಳ್ಳುವಾಗ ತೂಕ ಹಾಕಿಸಿ. ಅಗ್ಗದ ಎರಕದ 17 ಇಂಚಿನ ರಿಮ್ಮು 10 ಕೆಜಿ ದಾಟುವುದುಂಟು, ಫ್ಲೋ ಫಾರ್ಮಿಂಗ್‌ನಲ್ಲಿ (ಎರಕದ ಸುತ್ತನ್ನು ಉರುಳೆಗಳಿಂದ ಒತ್ತಿ ಎಳೆದು) ಮಾಡಿದ್ದು 8ರ ಆಸುಪಾಸಿಗೆ ಸಿಗುತ್ತದೆ, ಹೊಡೆತವನ್ನೂ ಚೆನ್ನಾಗಿ ತಡೆಯುತ್ತದೆ. ಹಿಂಬದಿ ಎಷ್ಟು ಕೆಜಿ ಹೊರುತ್ತದೆ ಎಂಬ ಅಂಕಿ ಕೆತ್ತಿಲ್ಲದ ರಿಮ್ಮು ಬೇಡ. ಬೆಂಡಾದ ರಿಮ್ಮಿಗೆ ಗ್ಯಾಸ್ ಉರಿ ಹಿಡಿದು ಸುತ್ತಿಗೆಯಲ್ಲಿ ಬಡಿದು ಸರಿಮಾಡಿಸುವುದನ್ನು ನಿಲ್ಲಿಸಬೇಕು. ಅಲಾಯ್‌ಗೆ ಬಲ ಕೊಟ್ಟ ಹದ ಆ ಶಾಖಕ್ಕೆ ಕರಗಿಹೋಗಿ, ಮುಂದಿನ ಗುಂಡಿಗೆ ಅದೇ ಜಾಗದಲ್ಲಿ ಸೀಳುತ್ತದೆ.

ಹಳೆಯ ಬೋಲ್ಟುಗಳನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಸ್ಟೀಲ್ ಸ್ಟೆಪ್ನಿಗೆ ಬೇಕಿರುವುದು ಆ ಗುಂಡು ತಲೆಯ ಬೋಲ್ಟೇ, ಶಂಕು ತಲೆಯದ್ದು ಅದರಲ್ಲಿ ಕೂರುವುದಿಲ್ಲ. ಐದನ್ನು ಒಂದು ಚೀಲಕ್ಕೆ ಹಾಕಿ ಜಾಕಿನ ಪಕ್ಕ ಇಡಿ. ಮುಂದಿನ ಟಯರು ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು, ವ್ಯಾಸ ಬೇರೆಯಿರುವ ಸ್ಟೆಪ್ನಿಯನ್ನು ಹಿಂದೆ ಹಾಕಿಕೊಂಡು, 80 ಮೀರದೆ ಊರು ಸೇರಿ.